ಮೇಜಿನ ಮೇಲಿನ ಮಹಾಯುದ್ಧ

ಇಂಗ್ಲೆಂಡಿನಲ್ಲಿ ಮೇಜಿನ ಮೇಲೆ ಆಟಿಕೆ ಸಿಪಾಯಿಗಳನ್ನಿಟ್ಟು ಯುದ್ಧ ಮಾಡುವ ಗೃಹಸ್ಥರಿದ್ದಾರೆ. ಶತ್ರು ಎದುರಿನ ಕುರ್ಚಿಯಲ್ಲೇ ಕೂತು ಚಹಾ ಕುಡಿಯುತ್ತಿರುತ್ತಾನೆ. ಸತ್ತವರಾರು, ಉಳಿದವರಾರು ಎಂದು ದಾಳ ಹೇಳುತ್ತದೆ. ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲೇ ಇದಕ್ಕೊಂದು ನಿಯಮಗಳ ಪುಸ್ತಕ ಬರೆದ, ‘ಲಿಟಲ್ ವಾರ್ಸ್’ ಅಂತ. ನೆಲದ ಮೇಲೆ ಆಡುವ ಅವನ ಆಟದಲ್ಲಿ ಆಟಿಕೆ ಫಿರಂಗಿ ನಿಜವಾಗಿಯೂ ಗುಂಡು ಹಾರಿಸಿ ಸಿಪಾಯಿಗಳನ್ನು ಉರುಳಿಸುತ್ತಿತ್ತು. ದೊಡ್ಡವರು ನೆಲದ ಮೇಲೆ ಬೋರಲು ಬೀಳಲು ಇದಕ್ಕಿಂತ ಗೌರವದ ನೆಪ ಬೇಕೆ?

ಆಡುವುದು ಅಪರೂಪ, ಬಣ್ಣ ಬಳಿಯುವುದೇ ನಿತ್ಯಕರ್ಮ. 28 ಮಿಲಿಮೀಟರ್ ಅಳತೆಯ ನೆಪೋಲಿಯನ್ ಕಾಲದ ಸಿಪಾಯಿಗೆ ಬಿಳಿ ಅಡ್ಡಪಟ್ಟಿ, ಕಾಲರು, ಗುಂಡಿ, ಕೊನೆಗೆ ಕಣ್ಣು. ಚುಕ್ಕೆ ಇಡುವಾಗ ಉಸಿರು ಬಿಗಿಹಿಡಿಯಬೇಕು; ಒಳಗಿನಿಂದ ಊಟಕ್ಕೆ ಕರೆ ಬರುವುದೂ ಆಗಲೇ. ಸಿಪಾಯಿಗೆ ಮೆಳ್ಳೆಗಣ್ಣು! ಅಷ್ಟರಲ್ಲಿ ಇನ್ನೊಂದು ದಳ ಅಂಚೆಯಲ್ಲಿ ಬಂದು ಬಣ್ಣ ಕಾಣದವರ ಗುಡ್ಡೆ ಸೇರಿರುತ್ತದೆ.

ಈ ಹುಚ್ಚಿನ ಕುಲಗುರು ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಸೈಬೋರ್ನ್. ನೆಪೋಲಿಯನ್ ಸೋತ ವಾಟರ್ಲೂ ಯುದ್ಧದ ಪ್ರತಿಕೃತಿಗಾಗಿ ರಣಭೂಮಿಯ ತೋಟದ ಮನೆಯಲ್ಲೇ ತಿಂಗಳುಗಟ್ಟಲೆ ಬಿಡಾರ ಹೂಡಿ ಜಮೀನು ಅಳೆದ. 1838ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟಾಗ 70,000ಕ್ಕೂ ಹೆಚ್ಚು ಪುಟಾಣಿ ಸಿಪಾಯಿಗಳು, ಜೊತೆಗೆ ಕುತ್ತಿಗೆಮಟ್ಟದ ಸಾಲ. ಅದರಲ್ಲಿ ಬ್ರಿಟಿಷರ ಮಿತ್ರರಾದ ಪ್ರಷ್ಯನ್ನರಿಗೆ ಸಿಕ್ಕ ಜಾಗ, ಆ ಯುದ್ಧದ ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್ ಸಾಹೇಬರಿಗೆ ಹಿಡಿಸಲಿಲ್ಲ. 1799ರಲ್ಲಿ ನಮ್ಮ ಶ್ರೀರಂಗಪಟ್ಟಣಕ್ಕೆ ದಂಡು ತಂದಿದ್ದ ವೆಲ್ಲೆಸ್ಲಿಯೇ ಇವರು. ನೆಪೋಲಿಯನ್ನನನ್ನೇ ಎದುರಿಸಿದವರಿಗೆ ಉಗುರಿನಷ್ಟೆತ್ತರದ ತವರದ ಗೊಂಬೆಗಳನ್ನು ಸಹಿಸಲಾಗಲಿಲ್ಲ ನೋಡಿ. ಸೈಬೋರ್ನ್ ಕೊನೆಗೆ ಸಾವಿರಾರು ಪ್ರಷ್ಯನ್ನರನ್ನು ಕಿತ್ತು ತೆಗೆದ. ಸಾಲ ಮಾತ್ರ ಕೀಳಲಾಗಲಿಲ್ಲ.