ಅಗಸೂರಿನ ಉಚಿತ ಕಂಪ್ಯೂಟರ್ ಪಂಡಿತರಿಗೊಂದು ಬಹಿರಂಗ ಪತ್ರ

ಅಗಸೂರು ಹಾಗೂ ಸುತ್ತಲಿನ ಮಜರೆಗಳ ಸಮಸ್ತ ಉಚಿತ ಕಂಪ್ಯೂಟರ್ ಪಂಡಿತರ ಸನ್ನಿಧಾನಕ್ಕೆ,

ಉಭಯ ಕುಶಲೋಪರಿ. ನಾನು, ಝೆರಾಕ್ಸ್ ಮಷಿನ್, ಲ್ಯಾಮಿನೇಶನ್ ಮಷಿನ್ ಎಲ್ಲರೂ ಕ್ಷೇಮ. ಕಂಪ್ಯೂಟರ್ ಮಾತ್ರ ಆರಿದ್ರಾ ಮಳೆ ಹಿಡಿದಾಗಿನಿಂದ ಬಟನ್ ಒತ್ತಿದರೂ ಕಮಕ್ ಕಿಮಕ್ ಅನ್ನದೆ ಕುಳಿತಿತ್ತು. ಪಹಣಿ ಪ್ರಿಂಟ್ ತೆಗೆಸಲು ಬಂದ ತಾವೆಲ್ಲ ನಿಂತ ನಿಲುವಿನಲ್ಲೇ ವೈದ್ಯರಾದಿರಿ.

‘ವೈರಸ್ ಬಂದದೆ’ ಎಂದರು ಒಬ್ಬರು. ‘ಫಾರ್ಮ್ಯಾಟ್ ಹೊಡೆದುಬಿಡು ಮಾರಾಯ’ ಎಂದರು ಮತ್ತೊಬ್ಬರು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಿಂದ ಬೆಂಬಲ ನಿಂತ ಸುದ್ದಿ ಓದಿದ್ದ ಹಿರಿಯರು, ‘ಅಮೆರಿಕದವರೇ ಅಲ್ಲಿಂದ ಬಂದ್ ಮಾಡಿದ್ದಾರೆ’ ಎಂದು ಷರಾ ಹಾಕಿದರು. ಸ್ವಾಮಿ, ಅವರು ನಿಲ್ಲಿಸಿದ್ದು ಅಪ್‌ಡೇಟ್ ಕೊಡುವುದನ್ನು, ನನ್ನ ಅಂಗಡಿಯ ಕರೆಂಟನ್ನಲ್ಲ. ಫ್ಯಾನೇ ತಿರುಗದ ಡಬ್ಬಿಗೆ ಫಾರ್ಮ್ಯಾಟ್ ಹೊಡೆಯುವುದೆಂದರೆ ಬಾವಿ ಬತ್ತಿರುವಾಗ ಕೊಡಪಾನ ತಿಕ್ಕಿದ ಹಾಗೆ. ವೈರಸ್ಸಿಗೂ ಓಡಾಡಲು ಕರೆಂಟ್ ಬೇಕು.

‘ಹುಬ್ಬಳ್ಳಿಗೆ ಒಯ್ಯಿ’ ಎಂದವರಿಗೆ ವಿಶೇಷ ವಂದನೆ. ಅರಬೈಲ ಘಟ್ಟದ ತಿರುವುಗಳಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತು ಹೋದರೆ, ಭದ್ರವಾಗಿದ್ದ ರ‍್ಯಾಮ್ ಕೂಡ ಸಡಿಲವಾಗಿ ಕೆಳಗಿಳಿದೀತು.

ತಾವು ಯಾರೂ ಕೇಳದೆ ಬಿಟ್ಟ ಪ್ರಶ್ನೆ ಒಂದೇ: ಕರೆಂಟ್ ಎಲ್ಲಿಯವರೆಗೆ ಬಂದಿದೆ? ಗೋಡೆಯ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಸಿಕ್ಕಿಸಿದೆ, ಬಂತು. ಯುಪಿಎಸ್ ತಪ್ಪಿಸಿ ನೇರ ಗೋಡೆಗೇ ಕೊಟ್ಟೆ, ಏಕೆಂದರೆ ಅದರೊಳಗಿನ 12 ವೋಲ್ಟಿನ ಬ್ಯಾಟರಿ ಎರಡು ಮೂರು ವರ್ಷಕ್ಕೆ ಕೈಕೊಡುವುದು ಅದರ ಹುಟ್ಟುಗುಣ. ಆಗಲೂ ಸುದ್ದಿಯಿಲ್ಲ. ಮದರ್‌ಬೋರ್ಡಿನಿಂದ 24 ಪಿನ್ನಿನ ಕನೆಕ್ಟರ್ ಬಿಚ್ಚಿ, ಹಸಿರು ವೈರನ್ನೂ ಒಂದು ಕಪ್ಪು ವೈರನ್ನೂ ತಂತಿಯಿಂದ ಜೋಡಿಸಿ ಸ್ವಿಚ್ ಹಾಕಿದೆ. ಸರಿಯಿದ್ದ ಎಸ್‌ಎಂಪಿಎಸ್ (ಕಂಪ್ಯೂಟರಿನೊಳಗೆ ಕರೆಂಟ್ ಹಂಚುವ ಪೆಟ್ಟಿಗೆ) ಆದರೆ ಇಷ್ಟಕ್ಕೇ ಫ್ಯಾನ್ ತಿರುಗಿಸುತ್ತದೆ. ನಮ್ಮದು ತಿರುಗಿಸಲಿಲ್ಲ. ಆಗ ಸ್ಕ್ರೂಡ್ರೈವರ್ ಹಿಡಿದು ಅದನ್ನೇ ಬಿಚ್ಚಲು ಬಂದ ಮಹನೀಯರೇ, ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಹೊಡೆತ ಉಳಿದಿರುತ್ತದೆ. ತಮ್ಮನ್ನು ತಡೆದದ್ದು ಅಸೂಯೆಯಿಂದಲ್ಲ.

ಅದು ಸತ್ತದ್ದು ಹೇಗೆ? ನಮ್ಮ ಜಿಲ್ಲೆಯ ವೈಭವ ನೋಡಿ: ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಅಣು ಘಟಕಗಳು, ಕದ್ರಾದಲ್ಲಿ 150 ಮೆಗಾವಾಟ್, ಕೊಡಸಳ್ಳಿಯಲ್ಲಿ 120. ನನ್ನ ಕಂಪ್ಯೂಟರ್ ಬೇಡುವ ನೂರಿನ್ನೂರು ವಾಟ್ ಮಾತ್ರ ಗಾಳಿ ಬೀಸಿದಾಗಲೆಲ್ಲ ಹೋಗುತ್ತದೆ, ಬರುತ್ತದೆ. ಹೋದರೆ ಟೈಪ್ ಮಾಡಿದ ಅರ್ಜಿಯಷ್ಟೇ ಹೋಗುತ್ತದೆ. ಮರಳಿ ಬರುವಾಗ ಕೊಡುವ ಗುದ್ದಿಗೆ ಎಸ್‌ಎಂಪಿಎಸ್ಸೇ ಹೋಗುತ್ತದೆ.

ಹೊಸದನ್ನು ಹಾಕಿದೆ. ಫ್ಯಾನ್ ತಿರುಗಿತು, ಪರದೆ ಕಪ್ಪು, ಒಳಗಿಂದ ಉದ್ದುದ್ದ ಪೀಪಿ. ಅನೇಕ ಬೋರ್ಡುಗಳಲ್ಲಿ ಇದು ರ‍್ಯಾಮಿನ ಗೋಳು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಕರಾವಳಿಯ ತೇವದಲ್ಲಿ ಅದರ ಹೊಂಬಣ್ಣದ ಹಲ್ಲುಗಳಿಗೆ ಕಿಲುಬು ಹಿಡಿಯದೆ ಇನ್ನೇನು? ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಲೋಹ ಮುಟ್ಟಿ, ರ‍್ಯಾಮ್ ತೆಗೆದು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿ ಕೂರಿಸಿದೆ. ಪರದೆ ಬೆಳಗಿತು. (ಒಳಗೆ ಸಿಕ್ಕ ಹಲ್ಲಿಮೊಟ್ಟೆ ಮತ್ತು ಆಯುಧಪೂಜೆಯ ಸೇವಂತಿಗೆ ಎಸಳುಗಳ ವಿಷಯ ಇಲ್ಲಿ ಬೇಡ. ಮುಂದಿನ ಸಲ ಕುಂಕುಮವನ್ನು ಫ್ಯಾನಿನ ಕಿಂಡಿ ಬಿಟ್ಟು ಬೇರೆ ಕಡೆ ಹಚ್ಚೋಣ.)

ಆದರೂ ಒಂದೂ ಸರ್ಕಾರಿ ಸೈಟ್ ತೆರೆಯಲಿಲ್ಲ. ‘ಸರ್ವರ್ ಡೌನ್’ ಎಂದು ತಾವು ಒಕ್ಕೊರಲಿನಿಂದ ಸಾರಿದಿರಿ. ಗಡಿಯಾರ 2009ನೇ ಇಸವಿ ತೋರಿಸುತ್ತಿತ್ತು. ಆ ವರ್ಷ ಈ ಸೈಟುಗಳ ಭದ್ರತಾ ಪ್ರಮಾಣಪತ್ರಗಳು ಹುಟ್ಟೇ ಇರಲಿಲ್ಲವಲ್ಲ, ಬ್ರೌಸರ್ ನಂಬುವುದು ಹೇಗೆ? ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ 3 ವೋಲ್ಟಿನ ಸಿಆರ್2032 ಸೆಲ್ ಬದಲಿಸಿ ತಾರೀಖು ತಿದ್ದಿದೆ, ಸರ್ವರ್ ‘ಅಪ್’ ಆಯಿತು.

ಇಂತಿ ತಮ್ಮ ವಿಧೇಯ,
ಹೆದ್ದಾರಿ ಬದಿಯ ಝೆರಾಕ್ಸ್ ಅಂಗಡಿಯವ

ತಾ.ಕ.: ವೈರಸ್ ಎಂದವರು ಈಗ ‘ಎಸ್‌ಎಂಪಿಎಸ್ ಎಂದು ನಾನು ಆಗಲೇ ಹೇಳಿದ್ದೆ’ ಎನ್ನುತ್ತಿದ್ದಾರಂತೆ. ಸಲಹೆಯ ಬಾಬ್ತು ಝೆರಾಕ್ಸ್ ಬಾಕಿಯಲ್ಲಿ ವಜಾ ಆಗಲಿ ಎಂಬ ಅವರ ಅರ್ಜಿ ಪರಿಶೀಲನೆಯಲ್ಲಿದೆ. ಬಾಕಿಯೂ ಹಾಗೇ ಇದೆ.