ಗೋಲ್‌ಕೀಪರನ ಅಪ್ಪ

ಬೆಂಗಳೂರಿನ ಯಾವ ಟರ್ಫ್‌ಗೆ ಶನಿವಾರ ಬೆಳಿಗ್ಗೆ ಹೋದರೂ ಗೋಲ್‌ಕೀಪರನ ಅಪ್ಪನನ್ನು ಗುರುತಿಸಲು ಯಾರ ಸಹಾಯವೂ ಬೇಡ. ಉಳಿದ ಅಪ್ಪಂದಿರು ಚೆಂಡು ಹೋದ ಕಡೆಗೆಲ್ಲ ಕತ್ತು ತಿರುಗಿಸುತ್ತಿದ್ದರೆ ಇವರೊಬ್ಬರು ಗೋಲಿನ ಹಿಂದೆ ಬಲೆಗೆ ಅಂಟಿಕೊಂಡು ನಿಂತಿರುತ್ತಾರೆ. ಒಂದು ಕೈಯಲ್ಲಿ ನೀರಿನ ಬಾಟಲಿ. ಅದು ಕುಡಿಯಲಿಕ್ಕಲ್ಲ, ಗ್ಲೌಸಿನ ಅಂಗೈ ಒದ್ದೆ ಮಾಡಲಿಕ್ಕೆ. ಇನ್ನೊಂದು ಕೈಯಲ್ಲಿ ವಿಡಿಯೊ ಹಿಡಿಯುತ್ತಿರುವ ಮೊಬೈಲು. ಬಾಯಲ್ಲಿ ಒಂದೇ ಪ್ರಶ್ನೆ: ‘ಸಾರ್, ಕೀಪಿಂಗ್‌ಗೆ ಪರ್ಸನಲ್ ಕೋಚ್ ಯಾರಾದ್ರೂ ಗೊತ್ತಾ?’ ಕೇಳಿದ್ದು ನಮ್ಮನ್ನೇ ಎಂದುಕೊಂಡು ಉತ್ತರ ಯೋಚಿಸುವಷ್ಟರಲ್ಲಿ ಅದನ್ನೇ ಪಕ್ಕದವರಿಗೂ ವಾಚ್‌ಮನ್‌ಗೂ ಟೀ ಕೊಡುವ ಹುಡುಗನಿಗೂ ಕೇಳಿ ಮುಗಿಸಿರುತ್ತಾರೆ. ಇವರನ್ನು ನೋಡಿ ನಗುವುದು ಸುಲಭ. ಆದರೆ ಇವರು ಹೇಳುವುದರಲ್ಲಿ ಅರ್ಧ ಸರಿ. ಆ ಅರ್ಧವನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಉಳಿದರ್ಧ ತಪ್ಪು, ಅದನ್ನೇ ಇವರು ಗಟ್ಟಿಯಾಗಿ ಹೇಳುತ್ತಾರೆ.

ಸರಿಯಾದ ಅರ್ಧವನ್ನು ಮೊದಲು ನೋಡೋಣ. ಗೋಲ್ ಕಾಯುವುದು ಫುಟ್‌ಬಾಲಿನೊಳಗೇ ಇರುವ ಬೇರೊಂದು ಕಸುಬು. ಪೂರ್ಣ ಅಳತೆಯ ಗೋಲು 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಅಷ್ಟಕ್ಕೂ ಕಾವಲು ಒಬ್ಬನೇ. ಎಲ್ಲಿ ನಿಲ್ಲಬೇಕು, ಎದುರಾಳಿ ಒದೆಯುವ ಕ್ಷಣಕ್ಕೆ ಪಾದ ಹೇಗೆ ಊರಿರಬೇಕು, ಎರಡೂ ಹೆಬ್ಬೆರಳು ಹತ್ತಿರ ತಂದು ಅಂಗೈಯನ್ನು ಚೆಂಡಿನ ಹಿಂದೆ ಹೇಗೆ ಇಡಬೇಕು, ಮಗ್ಗುಲಿಗೆ ಬೀಳುವಾಗ ಮೊಣಕೈ ಹೇಗೆ ಉಳಿಸಿಕೊಳ್ಳಬೇಕು ಎಂಬುದೆಲ್ಲ ಕಲಿತೇ ಬರಬೇಕು. 1992ರಲ್ಲಿ, ಜೊತೆಯ ಆಟಗಾರ ಬೇಕೆಂದೇ ಕಾಲಿನಿಂದ ಕೊಟ್ಟ ಬ್ಯಾಕ್‌ಪಾಸನ್ನು ಕೀಪರ್ ಕೈಯಲ್ಲಿ ಹಿಡಿಯಬಾರದೆಂಬ ನಿಯಮ ಬಂದಮೇಲೆ ಅವನ ಕಾಲಿಗೂ ಕೆಲಸ ಹೆಚ್ಚಿತು. 2025ರಿಂದ, ಎಂಟು ಸೆಕೆಂಡಿಗಿಂತ ಹೆಚ್ಚು ಹೊತ್ತು ಚೆಂಡು ಕೈಯಲ್ಲಿಟ್ಟುಕೊಂಡರೆ ಎದುರಾಳಿಗೆ ಕಾರ್ನರ್. ಇಪ್ಪತ್ತು ಮಕ್ಕಳಿಗೆ ಒಬ್ಬನೇ ಕೋಚ್ ಇರುವ ಅಕಾಡೆಮಿಯಲ್ಲಿ ಇದನ್ನೆಲ್ಲ ಹೇಳಿಕೊಡುವವರು ಯಾರು? ಹತ್ತೊಂಬತ್ತು ಮಕ್ಕಳು ಶೂಟಿಂಗ್ ಅಭ್ಯಾಸ ಮಾಡುತ್ತಾರೆ, ಇಪ್ಪತ್ತನೆಯವನು ಅವರು ಒದ್ದ ಚೆಂಡು ಹೆಕ್ಕಿ ತರುತ್ತಾನೆ. ಅದಕ್ಕೇ ಕೀಪಿಂಗ್ ಅಭ್ಯಾಸ ಎಂದು ಹೆಸರು. ಫೀಸು ಮಾತ್ರ ಇಪ್ಪತ್ತೂ ಮಂದಿಗೆ ಒಂದೇ. ಇಷ್ಟಾಗಿ ಈ ಕಸುಬಿಗೆ ಸಿಗುವ ಮರ್ಯಾದೆಯೂ ಅಷ್ಟಕ್ಕಷ್ಟೆ. ಪುರುಷರ ಬ್ಯಾಲನ್ ಡಿ’ಓರ್ ಪ್ರಶಸ್ತಿ ಗೆದ್ದ ಗೋಲ್‌ಕೀಪರ್ ಇವತ್ತಿನವರೆಗೂ ಒಬ್ಬರೇ, 1963ರಲ್ಲಿ ಸೋವಿಯತ್ ದೇಶದ ಲೆವ್ ಯಾಶಿನ್. ಬೈಗುಳಕ್ಕೆ ಮಾತ್ರ ಬರವಿಲ್ಲ: 1950ರ ವಿಶ್ವಕಪ್ಪಿನಲ್ಲಿ ಬ್ರೆಜಿಲ್ ಉರುಗ್ವೆಗೆ ಸೋತದ್ದಕ್ಕೆ ಕೀಪರ್ ಬಾರ್ಬೋಸಾ 2000ದಲ್ಲಿ ತೀರಿಕೊಳ್ಳುವವರೆಗೂ ಮಾತು ಕೇಳಬೇಕಾಯಿತು.

ತಪ್ಪಾದ ಅರ್ಧ ಶುರುವಾಗುವುದು ಗೋಲ್ ಬಿದ್ದಮೇಲೆ. ಚೆಂಡು ಬಲೆಯಲ್ಲಿರುವಾಗಲೇ ಅಪ್ಪನ ಪಂಚನಾಮೆ ಆರಂಭ. ಮೊದಲ ಆರೋಪಿ ಎಡಗಡೆಯ ಡಿಫೆಂಡರ್. ಅವನ ತಾಯಿ ಅಲ್ಲೇ ಪಕ್ಕದಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದಾರೆಂಬ ಪರಿವೆ ಇವರಿಗಿಲ್ಲ. ಎರಡನೆಯದು ಕಣ್ಣಿಗೆ ಹೊಡೆಯುವ ಬಿಸಿಲು, ಮೂರನೆಯದು ಹೊಸ ಗ್ಲೌಸು. ಎಲ್ಲರೂ ಖುಲಾಸೆಯಾದಮೇಲೆ ವಿಡಿಯೊ ಹಿಂದಕ್ಕೆ ಓಡಿಸಿ, ಚೆಂಡು ಬೆರಳು ದಾಟುವಲ್ಲಿ ನಿಲ್ಲಿಸಿ, ದೊಡ್ಡದು ಮಾಡಿ, ಹತ್ತಿರ ಇದ್ದವರ ಮೂಗಿನ ಕೆಳಗೆ ಹಿಡಿಯುತ್ತಾರೆ: ‘ನೋಡಿ, ಒಂದಿಂಚು. ಪರ್ಸನಲ್ ಕೋಚಿಂಗ್ ಇದ್ದಿದ್ರೆ ಈ ಒಂದಿಂಚು ಸಿಗ್ತಿತ್ತು.’ ಹತ್ತಿರ ಇದ್ದವರು ಇಂಚು ನೋಡುತ್ತಿರುವಾಗ ಎರಡನೆಯ ಗೋಲೂ ಬಿದ್ದಿರುತ್ತದೆ. ಅದನ್ನು ಇಬ್ಬರೂ ನೋಡಿರುವುದಿಲ್ಲ. ಸೋಮವಾರದಿಂದ ಕೋಚುಗಳಿಗೆ ಫೋನು. ಎಷ್ಟು ಕ್ಲಾಸು, ಡೈವಿಂಗ್ ಯಾವ ವಾರ, ಸೆಲೆಕ್ಷನ್ ಟ್ರಯಲ್ಸ್ ಒಳಗೆ ಮುಗಿಯುತ್ತಾ, ಮೂರು ತಿಂಗಳದ್ದು ಒಟ್ಟಿಗೆ ಕಟ್ಟಿದರೆ ಕಡಿಮೆ ಮಾಡ್ತೀರಾ ಎಂದೆಲ್ಲ ವಿಚಾರಣೆ ನಡೆಯುತ್ತದೆ. ಕೇಳಬೇಕಾದ ಒಂದು ಪ್ರಶ್ನೆ ಮಾತ್ರ ಉಳಿದುಹೋಗುತ್ತದೆ: ಆ ಒಂದು ಗಂಟೆಯಲ್ಲಿ ನನ್ನ ಮಗನ ಮುಂದೆ ಬೇರೆ ಮಕ್ಕಳು ಇರುತ್ತಾರೆಯೇ?

ಅದು ಮುಖ್ಯ, ಏಕೆಂದರೆ ಒಬ್ಬನೇ ಕೋಚು ಒಬ್ಬನೇ ಹುಡುಗನಿಗೆ ಚೆಂಡು ಒದೆಯುವಾಗ ಚೆಂಡು ಎಲ್ಲಿಂದ ಬರುತ್ತದೆಂಬುದು ಹುಡುಗನಿಗೆ ಮೊದಲೇ ಗೊತ್ತಿರುತ್ತದೆ. ಪಂದ್ಯದಲ್ಲಿ ಕ್ರಾಸ್ ಬಂದಾಗ ಮುಂದೆ ನುಗ್ಗಬೇಕೇ, ಗೋಲಿನಲ್ಲೇ ಉಳಿಯಬೇಕೇ, ಯಾರನ್ನು ಕೂಗಿ ಎಚ್ಚರಿಸಬೇಕು ಎಂಬ ತೀರ್ಮಾನ ಹತ್ತಾರು ಕಾಲುಗಳ ನಡುವೆ ಮಾತ್ರ ಕಲಿಯುವಂಥದು. ಕೀಪಿಂಗ್ ತಡವಾಗಿ ಶುರುಮಾಡಿದರೂ ನಷ್ಟವಿಲ್ಲ: ಇಟಲಿಯ ಕೀಪರ್ ಬಫೋನ್ ಚಿಕ್ಕಂದಿನಲ್ಲಿ ಮಿಡ್‌ಫೀಲ್ಡರ್. 1990ರ ವಿಶ್ವಕಪ್ಪಿನಲ್ಲಿ ಕ್ಯಾಮರೂನಿನ ಥಾಮಸ್ ಎನ್‌ಕೊನೊ ಆಟ ನೋಡಿ ಮರುಳಾಗಿ, ಹನ್ನೆರಡರ ಆಸುಪಾಸಿನಲ್ಲಿ ಗ್ಲೌಸು ತೊಟ್ಟವರು. ನಮ್ಮ ಪೀಟರ್ ತಂಗರಾಜ್ ಕೂಡ ಸೆಂಟರ್ ಫಾರ್ವರ್ಡ್ ಆಗಿ ಶುರುಮಾಡಿ, ಆಮೇಲೆ ಕೀಪರ್ ಆಗಿ ಒಲಿಂಪಿಕ್ಸ್ ಆಡಿದರು. ಹಾಗಾದರೆ ಅಪ್ಪನಿಗೆ ಇಷ್ಟು ಆತುರ ಏಕೆ? ಉತ್ತರ ಪೆನಾಲ್ಟಿಯಲ್ಲಿದೆ. ಇಸ್ರೇಲಿನ ಸಂಶೋಧಕರು 286 ಪೆನಾಲ್ಟಿಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಕೀಪರುಗಳು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಲ ಎಡಕ್ಕೋ ಬಲಕ್ಕೋ ಹಾರಿದ್ದರು; ತಡೆಯುವ ಅವಕಾಶ ಹೆಚ್ಚು ಇದ್ದದ್ದು ನಡುವೆ ನಿಂತವರಿಗೆ. ಹಾರಿ ಬಿಟ್ಟರೆ ಪ್ರಯತ್ನಪಟ್ಟ ಎನ್ನುತ್ತಾರೆ, ನಿಂತು ಬಿಟ್ಟರೆ ಸುಮ್ಮನಿದ್ದ ಎನ್ನುತ್ತಾರೆ. ಅಪ್ಪನಿಗೂ ಇರುವುದು ಅದೇ ಭಯ. ಕಾಯುವುದು ಸರಿಯಾದರೂ ನೋಡುವವರ ಕಣ್ಣಿಗೆ ಅಸಡ್ಡೆ; ಆದ್ದರಿಂದ ದುಡ್ಡಿನ ಸಮೇತ ಒಂದು ಕಡೆಗೆ ಹಾರಿಬಿಡುತ್ತಾರೆ.

ಇದಕ್ಕೆ ಅವರ ಆಕ್ಷೇಪ ಉಂಟು: ‘ಎಲ್ಲ ಮಕ್ಕಳೂ ಬಫೋನ್ ಅಲ್ಲ. ಅಷ್ಟರಲ್ಲಿ ತಪ್ಪಾಗಿ ಬಿದ್ದು ಮಣಿಕಟ್ಟು ಮುರಿದುಕೊಂಡರೆ?’ ನ್ಯಾಯವಾದ ಮಾತು. ಬೀಳುವ ಕ್ರಮವನ್ನು ಬಲ್ಲವರಿಂದಲೇ ಕಲಿಯಬೇಕು. ಅದಕ್ಕೆ ಮೂರು ನಾಲ್ಕು ಕೀಪರ್ ಮಕ್ಕಳು ಸೇರಿ, ಕೀಪಿಂಗ್ ಕೋರ್ಸ್ ಮಾಡಿದ ಒಬ್ಬ ಕೋಚ್ ಬಳಿ ವಾರಕ್ಕೊಂದು ಗಂಟೆ ಕಲಿತರೆ ಸಾಕು. ಖರ್ಚೂ ಹಂಚಿಹೋಗುತ್ತದೆ, ಒಬ್ಬರು ಒದ್ದದ್ದನ್ನು ಒಬ್ಬರು ಹಿಡಿಯಲೂ ಆಗುತ್ತದೆ. ಇನ್ನೊಂದು ಆಕ್ಷೇಪ: ‘ದುಡ್ಡು ನಂದು, ನಿಮಗೇನು?’ ನಮಗೇನೂ ಇಲ್ಲ, ನಿಜ. ತೊಂಬತ್ತೆರಡು ಅಂಕ ತಂದ ಮಗಳನ್ನು ಉಳಿದ ಎಂಟಕ್ಕಾಗಿ ಮ್ಯಾಥ್ಸ್ ಟ್ಯೂಷನ್ನಿಗೆ ಅಟ್ಟುವ ನಾವು ಇವರಿಗೆ ಬುದ್ಧಿ ಹೇಳುವಷ್ಟು ದೊಡ್ಡವರೂ ಅಲ್ಲ. ಆದರೆ ಗಂಟೆಯ ಲೆಕ್ಕದಲ್ಲಿ ಫೀಸು ಕಟ್ಟಿದಮೇಲೆ ಬಿಟ್ಟ ಪ್ರತಿ ಗೋಲೂ ಹುಡುಗನಿಗೆ ಅಪ್ಪನ ದುಡ್ಡು ಹಾಳಾದಂತೆ ಕಾಣತೊಡಗುತ್ತದೆ. ಹನ್ನೊಂದು ವರ್ಷದ ಹೆಗಲಿಗೆ ಆ ಸಾಲ ಹೆಚ್ಚು. ಗೋಲ್ ಹೊಡೆದವನನ್ನು ಹತ್ತು ಮಂದಿ ತಬ್ಬಿಕೊಳ್ಳುತ್ತಾರೆ, ಗೋಲ್ ಬಿಟ್ಟವನ ಬಳಿ ಯಾರೂ ಹೋಗುವುದಿಲ್ಲ. ಎಷ್ಟೇ ಕಿರಿಕಿರಿ ಮಾಡಿದರೂ ಆ ಹೊತ್ತಿಗೆ ಹುಡುಗನ ಹತ್ತಿರ ಇರುವವರು ಈ ಅಪ್ಪ ಒಬ್ಬರೇ ಎಂಬುದನ್ನೂ ಒಪ್ಪಬೇಕು.

ಆದ್ದರಿಂದ ಅಪ್ಪಂದಿರಲ್ಲಿ ಒಂದು ವಿನಂತಿ. ಊರೆಲ್ಲ ಕೋಚ್ ಹುಡುಕುವ ಮೊದಲು, ಈಗಾಗಲೇ ಫೀಸು ಕಟ್ಟುತ್ತಿರುವ ಅಕಾಡೆಮಿಯ ಆಫೀಸಿಗೆ ನಾಲ್ಕು ಮಂದಿ ಒಟ್ಟಾಗಿ ಹೋಗಿ, ಕೀಪರುಗಳಿಗೆ ವಾರದಲ್ಲಿ ಒಂದು ಗಂಟೆ, ಒಬ್ಬ ಕೋಚ್ ಕೊಡಿ ಎಂದು ಕೇಳಿ. ಹತ್ತೊಂಬತ್ತು ಮಕ್ಕಳು ಗೋಲ್ ಹೊಡೆಯುವುದನ್ನು ಕಲಿಸಲು ದುಡ್ಡು ತೆಗೆದುಕೊಂಡವರಿಗೆ ಇಪ್ಪತ್ತನೆಯವನಿಗೆ ಹಿಡಿಯುವುದನ್ನು ಕಲಿಸುವ ಹೊಣೆಯೂ ಇದೆ.