ಜಾತಿ ಕೇಳುವ ವಿದ್ಯೆ

ತಾರಮಂಗಲದ ಸಂತೆಯಲ್ಲಿ ನಿಂತ ಹತ್ತು ನೇಕಾರರ ಮುಖ ನೋಡಿ, ಇವರಲ್ಲಿ ಯಾರ ಮನೆಮಾತು ಕನ್ನಡ, ಯಾರದು ತೆಲುಗು, ಯಾರದು ತಮಿಳು ಎಂದು ಹೇಳಬಲ್ಲ ಪಂಡಿತನಿದ್ದರೆ ಅವನಿಗೆ ದೂರದಿಂದಲೇ ಕೈಮುಗಿಯಬೇಕು. ಅದೇ ಬಿಸಿಲಿಗೆ ಬೆಂದ ಮೈ, ಅದೇ ಬಿಳಿ ಪಂಚೆ, ಹೆಗಲ ಮೇಲೆ ಅದೇ ವಸ್ತ್ರ. ವ್ಯಾಪಾರವೂ ಎಲ್ಲರದೂ ತಮಿಳಿನಲ್ಲೇ. ಆದರೆ ಮನೆಯಿಂದ ಒಂದು ಫೋನು ಬರಲಿ, ಮೊದಲ ಮಾತಿಗೇ ಗುಟ್ಟು ರಟ್ಟು. ಚಳಿಗಾಲದಲ್ಲಿ ಸೇಲಂ, ಧರ್ಮಪುರಿ ಸೀಮೆಗೆ ವಲಸೆ ಬರುವ ಉಲಿಯಕ್ಕಿಗಳ ವಿಷಯದಲ್ಲೂ ನನ್ನ ವಾದ ಇಷ್ಟೇ. ಮನುಷ್ಯರ ಜಾತಿ ಕೇಳಬಾರದು. ಉಲಿಯಕ್ಕಿಯ ಜಾತಿಯನ್ನು ಕೇಳಿಯೇ ತಿಳಿಯಬೇಕು.

ಕಣ್ಣಿಗೆ ಈ ಹಕ್ಕಿ ಒದಗಿಸುವ ಸಾಕ್ಷ್ಯ ಬಲು ಬಡವಾದದ್ದು. ಶೆವರಾಯ್ ಬೆಟ್ಟದ ಕಾಫಿ ತೋಟಗಳ ನೆರಳುಮರಗಳಲ್ಲಿ ಹುಳ ಹೆಕ್ಕುವ ಗ್ರೀನಿಷ್ ಉಲಿಯಕ್ಕಿಯ ಉದ್ದ ಸುಮಾರು 10 ಸೆಂಟಿಮೀಟರ್, ತೂಕ ಏಳೆಂಟು ಗ್ರಾಂ. ಬೆನ್ನು ಮಾಸಲು ಹಸಿರು, ಹೊಟ್ಟೆ ಮಾಸಲು ಬಿಳಿ, ಹುಬ್ಬು ಮಾಸಲು ಹಳದಿ. ಗುರುತಿಗೆಂದು ರೆಕ್ಕೆಯ ಮೇಲೆ ತೆಳುವಾದ ಪಟ್ಟಿಯೊಂದಿದೆ. ಗರಿ ಸವೆದಂತೆ ಅದೂ ಅಳಿಸಿಹೋಗುತ್ತದೆ, ಒಗೆದ ಅಗ್ಗದ ಸೀರೆಯ ಅಂಚಿನ ಹಾಗೆ. ಇದರ ದಾಯಾದಿ ದೊಡ್ಡಕೊಕ್ಕಿನ ಎಲೆ ಉಲಿಯಕ್ಕಿಗೆ ಕೊಕ್ಕು ದೊಡ್ಡದೆಂದು ಪುಸ್ತಕ ಹೇಳುತ್ತದೆ. ಹೋಲಿಸಿ ನೋಡಲಿ ಎಂದು ಎರಡೂ ಒಂದೇ ಕೊಂಬೆಯಲ್ಲಿ ಬಂದು ಕೂರುವ ಸೌಜನ್ಯ ಮಾತ್ರ ಅವಕ್ಕಿಲ್ಲ. ಬಾಯಿ ಬಿಟ್ಟವೋ, ಕಥೆ ಬೇರೆ. ಮೊದಲಿನದು ‘ಚಿಸ್ಲೀ’ ಎಂದು ಚುರುಕಾಗಿ ಉಲಿಯುತ್ತದೆ. ಎರಡನೆಯದು ಬೀದಿಯ ಕೊನೆಯಲ್ಲಿ ಯಾರೋ ಶಿಳ್ಳೆ ಹಾಕಿದಂತೆ ಮೇಲೇರುವ ಎರಡು ಸ್ವರ ಹೊರಡಿಸುತ್ತದೆ. ಬೇಲಿಪೊದೆಯೊಳಗಿನ ಬ್ಲೈತನ ಜೊಂಡು ಉಲಿಯಕ್ಕಿಯದು ಕಲ್ಲಿಗೆ ಕಲ್ಲು ತಾಕಿದಂಥ ‘ಚಕ್, ಚಕ್’.

ಕಾಗೆ ಕೋಗಿಲೆಗಳ ಭೇದ ವಸಂತದಲ್ಲಿ ತಿಳಿಯುತ್ತದೆಂದು ನಮ್ಮ ಹಿರಿಯರು ಹೇಳಿದ್ದೂ ಕಿವಿಯನ್ನು ನಂಬಿಯೇ. ಇಂಗ್ಲೆಂಡಿನ ಸೆಲ್ಬೋರ್ನ್ ಗ್ರಾಮದ ಪಾದ್ರಿ ಗಿಲ್ಬರ್ಟ್ ವೈಟ್ 1768ರಲ್ಲಿ, ಒಂದೇ ಎಂದು ಜನ ತಿಳಿದಿದ್ದ ಪುಟ್ಟ ಉಲಿಯಕ್ಕಿಯಲ್ಲಿ ಮೂರು ಜಾತಿಗಳಿವೆಯೆಂದು ಕಂಡುಕೊಂಡದ್ದು ಮುಖ್ಯವಾಗಿ ಅವುಗಳ ಹಾಡಿನಿಂದ. ಇದಕ್ಕಿಂತ ದೊಡ್ಡ ಸಾಕ್ಷಿ ಹಕ್ಕಿಗಳದೇ. ಗ್ರೀನಿಷ್ ಉಲಿಯಕ್ಕಿ ಟಿಬೆಟ್ಟಿನ ಪ್ರಸ್ಥಭೂಮಿಯ ಸುತ್ತ ಬಳೆಯಂತೆ ಹಬ್ಬಿದೆ. ಊರಿಂದೂರಿಗೆ ಮಾತು ಬದಲಾಗುವಂತೆ ಅದರ ಹಾಡು ಬಳೆಯ ಎರಡು ಬದಿಗೂ ತುಸುತುಸುವೇ ಬದಲಾಗುತ್ತ ಹೋಗಿ, ಸೈಬೀರಿಯಾದಲ್ಲಿ ಎರಡು ತುದಿ ಸೇರುವಾಗ ಒಬ್ಬರ ಹಾಡು ಇನ್ನೊಬ್ಬರಿಗೆ ಹಾಡೇ ಅಲ್ಲ. ಅಲ್ಲಿ ಸಂಬಂಧ ಬೆಳೆಸುವುದು ಬಹುಮಟ್ಟಿಗೆ ನಿಂತೇಹೋಗಿದೆ. ಡ್ಯಾರೆನ್ ಇರ್ವಿನ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಸಂಗತಿಯಿದು. ಹಕ್ಕಿಯೇ ಕಿವಿಗೊಟ್ಟು ಗಂಡು ಗೊತ್ತುಮಾಡುವಾಗ ನಮಗೇಕೆ ದುರ್ಬೀನಿನ ಹಟ?

ಕ್ಯಾಮೆರಾದವರು ಒಪ್ಪಲಾರರು: ಗರಿಗರಿಯೂ ಎಣಿಸುವಂತೆ ಚಿತ್ರ ತೆಗೆದರೆ ಸಾಲದೇ? ಸಾಲದು. ಮುಂದೆ ಕಾಂಗ್ರೆಸ್ ಸ್ಥಾಪಕರಲ್ಲೊಬ್ಬನಾದ ಎ. ಓ. ಹ್ಯೂಮ್ 1867ರಲ್ಲಿ ಸಟ್ಲೆಜ್ ಕಣಿವೆಯಲ್ಲಿ ಒಂದು ಜೊಂಡು ಉಲಿಯಕ್ಕಿಯನ್ನು ಹೊಡೆದು ಇಟ್ಟ. ಚಿತ್ರವಲ್ಲ, ಹಕ್ಕಿಯೇ ಕೈಯಲ್ಲಿತ್ತು. ಆದರೂ ಅದು ಬೇರೆ ಜಾತಿಯೋ ಯಾವುದೋ ಜಾತಿಯ ವಿಚಿತ್ರ ಕೂಸೋ ಎಂಬ ಸಂದೇಹ ಹೋಗಲು 2002ರ ಡಿಎನ್‌ಎ ಪರೀಕ್ಷೆಯೇ ಬೇಕಾಯಿತು. ಜೀವಂತ ಹಕ್ಕಿ ಮತ್ತೆ ಸಿಕ್ಕಿದ್ದು 2006ರಲ್ಲಿ, ಥಾಯ್ಲೆಂಡಿನಲ್ಲಿ. ಸತ್ತ ಹಕ್ಕಿ ಬಾಯಿ ಬಿಡುವುದಿಲ್ಲವಲ್ಲ. ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು: ಬ್ಲೈತನ ಜೊಂಡು ಉಲಿಯಕ್ಕಿ ಹಾಡುವಾಗ ಊರ ಹಕ್ಕಿಗಳನ್ನೆಲ್ಲ ಅಣಕಿಸುತ್ತದೆ, ಕಿವಿಯನ್ನು ನಂಬುವುದು ಹೇಗೆ? ಅಣಕವೆಲ್ಲ ಹಾಡಿನಲ್ಲಿ, ಚಳಿಗಾಲದ ಬೇಲಿಯೊಳಗೆ ಬೆಚ್ಚಿದಾಗ ಬರುವುದು ಅದೇ ‘ಚಕ್’. ರಂಗದ ಮೇಲೆ ನಾಲ್ಕು ಭಾಷೆ ಆಡುವವನಿಗೂ ಕಾಲಿಗೆ ಮುಳ್ಳು ಚುಚ್ಚಿದಾಗ ಬಾಯಿಗೆ ಬರುವುದು ತಾಯಿಯ ನುಡಿಯೇ.

ಒಂದು ಕಡೆ ನನ್ನ ವಾದ ಸೋಲುತ್ತದೆ. ಜಾಲಿಪೊದೆಗಳ ಬೂಟೆಡ್ ಉಲಿಯಕ್ಕಿ ಮತ್ತು ಸೈಕ್ಸ್ ಉಲಿಯಕ್ಕಿ ಮೊದಲು ಒಂದೇ ಜಾತಿಯೆನಿಸಿದ್ದವು. ಅವುಗಳ ‘ಚಕ್ಕು’ಗಳೂ ಅಣ್ಣತಮ್ಮಂದಿರ ಕೆಮ್ಮಿನಷ್ಟೇ ಬೇರೆ. ಅಲ್ಲಿ ಕಣ್ಣು, ಕಿವಿ ಎರಡೂ ಕೈ ಚೆಲ್ಲಿದರೆ ನಾಚಿಕೆಯೇನಿಲ್ಲ. ಟಿಪ್ಪಣಿ ಪುಸ್ತಕದಲ್ಲಿ ಸುಳ್ಳು ಹೆಸರೊಂದನ್ನು ಬರೆಯುವುದಕ್ಕಿಂತ ಹೀಗೆ ಬರೆದರೆ ಮರ್ಯಾದೆ: ‘ಉಲಿಯಕ್ಕಿ, ಒಂದು. ಮಾತಾಡಿತು, ನಮಗೆ ತಿಳಿಯಲಿಲ್ಲ.’